ಮೀನು ಸಿಗದ ದಿನವನ್ನೂ ಬರೆದಿಡಿ

ಕೊಡಗಿನಲ್ಲಿ ಕಾವೇರಿ ದಡಕ್ಕೆ ಗಾಳ ಹಾಕಲು ಬರುವವರಿಗೆ ಗೈಡ್ ಆಗಿರುವುದು ನನ್ನ ಕೆಲಸ. ಇಲ್ಲಿ ಬಿಳಿಮೀನು, ಅಂದರೆ ಮಹಶೀರ್ ಹಿಡಿದರೆ ವಾಪಸ್ ಹೊಳೆಗೇ ಬಿಡಬೇಕು. ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗರಿಗೆ ರಾಡು, ರೀಲು, ಗಾಳಕ್ಕೆ ಸಿಕ್ಕಿಸುವ ರಾಗಿ ಉಂಡೆ ಬೇಯಿಸುವ ಹದ ಇದರ ಮೇಲೇ ಕಣ್ಣು. ನಾನು ಮೊದಲು ಅವರ ಕೈಗೆ ಕೊಡುವುದು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್ಲು. ಪೆನ್ನು ಬೇಡ, ಒದ್ದೆ ಕೈಯಲ್ಲಿ ಶಾಯಿ ಹರಡುತ್ತದೆ.

ಇದಕ್ಕೆ ಕಾರಣ ಗಾಳಿಬೋರೆ. ಕನಕಪುರದ ಕಡೆ, ಕಾವೇರಿ ದಡದಲ್ಲೇ ಇರುವ ಆ ಕ್ಯಾಂಪಿನಲ್ಲಿ ಸಿಕ್ಕ ಮೀನನ್ನೆಲ್ಲ ಬರೆದಿಡುತ್ತಿದ್ದರು. ಎಷ್ಟು ಹೊತ್ತು ಗಾಳ ಹಾಕಿದರು ಎನ್ನುವುದೂ ಅದರಲ್ಲಿತ್ತು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಸಂಶೋಧಕರು ಕೂತು ನೋಡಿ 2015ರಲ್ಲಿ ಪ್ರಕಟಿಸಿದರು. ಹಿಡಿದು ಬಿಟ್ಟ ಮೀನು 6,000ಕ್ಕೂ ಜಾಸ್ತಿ. ಕ್ಯಾಂಪಿನ ದಿನಚರಿ ಪುಸ್ತಕ ಇಡೀ ಹೊಳೆಯ ಕಥೆ ಹೇಳಿತು.

ಆ ಕಥೆ ಒಳ್ಳೆಯದಲ್ಲ. ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಾ ಹೋಗಿತ್ತು. ಅದು ಇಲ್ಲಿನದಲ್ಲ, ಹೊರಗಿನಿಂದ ಮರಿ ತಂದು ಬಿಟ್ಟದ್ದು. ನಮ್ಮ ಹೊಳೆಯದೇ ಆದ, ಬೆನ್ನು ಉಬ್ಬಿದ, ಕಿತ್ತಳೆ ಬಾಲದ ಮೀನು ಸಿಗುವುದು ಕಮ್ಮಿಯಾಗುತ್ತಾ ಬಂದಿತ್ತು. ಸಿಕ್ಕವು ಮಾತ್ರ ವರ್ಷದಿಂದ ವರ್ಷಕ್ಕೆ ದೊಡ್ಡವು. ಗಾಳ ಹಾಕುವವರಿಗೆ ಇದು ಖುಷಿಯ ಸುದ್ದಿ, ಅಲ್ವಾ? ನಿಜ ಏನೆಂದರೆ ಮರಿಗಳೇ ಬರುತ್ತಿರಲಿಲ್ಲ. ಹಳೆಯವು ಮಾತ್ರ ಬೆಳೆದು ಮುದಿಯಾಗುತ್ತಿದ್ದವು. ಬರೀ ಫೋಟೋ ನೋಡಿದವರಿಗೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. 2018ರಲ್ಲಿ ಈ ಮೀನಿಗೆ ಟಾರ್ ರೆಮಾದೇವಿ ಎಂಬ ಹೆಸರು ಖಚಿತವಾಯಿತು. ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಹಾಗಾಗಿ ನಮ್ಮ ಪುಸ್ತಕದಲ್ಲಿ ನಾನು ಜಾಸ್ತಿ ಹಟ ಹಿಡಿಯುವುದು ಖಾಲಿ ದಿನಗಳ ವಿಷಯದಲ್ಲಿ. ಮೂರು ರಾಡು, ನಾಲ್ಕು ಗಂಟೆ, ಒಂದು ಕಚ್ಚೂ ಇಲ್ಲ. ಗೆಸ್ಟ್ ಬೇಜಾರಾಗಿ ಜೀಪ್ ಹತ್ತುತ್ತಾರೆ. ಹುಡುಗ ಸುಮ್ನೆ ಪುಸ್ತಕ ಮುಚ್ಚುತ್ತಾನೆ. ಇಲ್ಲ, ತೆಗಿ, ಬರಿ: ಹನ್ನೆರಡು ಗಂಟೆ, ಸೊನ್ನೆ. ಒಂದು ಮೀನು ನಾಲ್ಕು ಗಂಟೆಗೆ ಸಿಕ್ಕಿತೋ ನಲವತ್ತು ಗಂಟೆಗೋ ಎನ್ನುವುದರಲ್ಲೇ ಹೊಳೆಯ ಆರೋಗ್ಯ ಇರುವುದು. ಸೊನ್ನೆ ಬರೆಯದಿದ್ದರೆ ಎರಡೂ ಒಂದೇ ಥರ ಕಾಣುತ್ತವೆ.

ಚಿಕ್ಕ ಮೀನೂ ಅಷ್ಟೇ. ಅರ್ಧ ಕೇಜಿಯದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಫೋಟೋನೂ ತೆಗೆಯುವುದಿಲ್ಲ. ಮರಿ ಬರುತ್ತಿದೆಯಾ ಇಲ್ಲವಾ ಎಂದು ತಿಳಿಸುವುದು ಅದೊಂದೇ.

ಬರೆಯುವ ನೆಪದಲ್ಲಿ ಮೀನಿಗೆ ಹಿಂಸೆ ಆಗಬಾರದು. ಕೈ ಒದ್ದೆ ಮಾಡಿಕೊಂಡೇ ಮುಟ್ಟಬೇಕು, ಒಣ ಕೈಗೆ ಅದರ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ತಕ್ಕಡಿಗೆ ನೇತು ಹಾಕುವುದಿಲ್ಲ. ಮೊಣಕಾಲುದ್ದ ನೀರಲ್ಲಿ ನಿಂತು, ಮೀನಿನ ತಲೆ ಹರಿವಿಗೆ ಎದುರಾಗಿ ಹಿಡಿದು, ನೀರಲ್ಲೇ ಟೇಪ್ ಇಟ್ಟು ಅಳೆಯುತ್ತೇವೆ. ಬಾಲದ ಬಣ್ಣ ಒಬ್ಬ ಜೋರಾಗಿ ಹೇಳುತ್ತಾನೆ, ಇನ್ನೊಬ್ಬ ಬರೆಯುತ್ತಾನೆ. ಅಷ್ಟರಲ್ಲಿ ಕಿವಿರು ಒಂದೇ ಸಮ ಆಡತೊಡಗುತ್ತದೆ. ಬಾಲ ಬೀಸಿ ಕೈಯಿಂದ ತಾನಾಗಿ ಬಿಡಿಸಿಕೊಂಡು ಹೋಗುವವರೆಗೂ ಬಿಡುವುದಿಲ್ಲ. ಬೇಸಿಗೆಯಲ್ಲಿ ನೀರು ಬಿಸಿಯಾಗಿ ಆಮ್ಲಜನಕ ಕಮ್ಮಿ ಇರುತ್ತದೆ, ಆಗ ಇನ್ನೂ ಹೊತ್ತು ಬೇಕು.

ಗಾಳಿಬೋರೆಯ ಆ ಲೆಕ್ಕ 2012ಕ್ಕೇ ನಿಂತಿದೆ. ಆ ಕ್ಯಾಂಪು ಇರುವ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು, ಜೊತೆಗೆ ಬರೆಯುವುದೂ ನಿಂತಿತು. ಗಾಳ ಹಾಕಲು ಬಿಡಬೇಕೋ ಬೇಡವೋ ಎನ್ನುವ ಜಗಳ ಬೇರೆ, ಅದರಲ್ಲಿ ಎರಡೂ ಕಡೆ ನ್ಯಾಯ ಇದೆ. ಹದಿನಾಲ್ಕು ವರ್ಷ ಬರೆದ ಕೈಗಳಿಗೆ ಬೇರೆ ಯಾವುದಾದರೂ ರೀತಿ ಎಣಿಸುವ ಕೆಲಸ ಕೊಡಬೇಕಿತ್ತು ಎನ್ನುವುದು ಮಾತ್ರ ನನ್ನ ಗಟ್ಟಿ ಅಭಿಪ್ರಾಯ. ನಿಮ್ಮೂರ ಕೆರೆ, ಹಿನ್ನೀರಿನಲ್ಲಿ ಗಾಳ ಹಾಕುವವರಿದ್ದರೆ ಇವತ್ತಿನಿಂದಲೇ ಶುರು ಮಾಡಿ. ತಾರೀಖು, ಎಷ್ಟು ಗಂಟೆ, ಎಷ್ಟು ರಾಡು, ಯಾವ ಮೀನು, ಎಷ್ಟು ಉದ್ದ. ಸೊನ್ನೆಯಾದರೆ ಸೊನ್ನೆ.