ಎಷ್ಟು ಗ್ರಾಂ?

ರಕ್ತಪರೀಕ್ಷೆಯ ವರದಿಯಲ್ಲಿ ಎಲ್‌ಡಿಎಲ್, ಅಂದರೆ ‘ಕೆಟ್ಟ’ ಕೊಲೆಸ್ಟರಾಲಿನ ಅಂಕಿ ದಪ್ಪಕ್ಷರದಲ್ಲಿ ಅಚ್ಚಾಗಿ ಬಂದ ಮೇಲೆ ನನಗೊಂದು ಚಟ ಅಂಟಿಕೊಂಡಿದೆ: ಯಾವುದೇ ಆಹಾರದ ಪೊಟ್ಟಣ ಕೈಗೆ ಸಿಕ್ಕರೂ ತಿರುಗಿಸಿ ಹಿಂಭಾಗ ಓದುವುದು. ಮುಂಭಾಗದಲ್ಲಿ ಕೆಂಪು ಹೃದಯದ ಚಿತ್ರವಿರುತ್ತದೆ, ಹೊಟ್ಟೆ ತುಂಬಿಸುವುದಲ್ಲದೆ ಆರೋಗ್ಯಕ್ಕೂ ವಿಶೇಷ ಲಾಭ ಮಾಡುವ ಆಹಾರವೆಂಬ ಅರ್ಥದ ‘ಫಂಕ್ಷನಲ್ ಫುಡ್’ ಎಂಬ ಘನವಾದ ಹೆಸರೂ ಇರುತ್ತದೆ. ನನಗೆ ಬೇಕಾಗಿರುವುದು ಒಂದೇ ಒಂದು ಅಂಕಿ: ಎಷ್ಟು ಗ್ರಾಂ ತಿಂದರೆ ಕೆಲಸ ಆಗುತ್ತದೆ?

ಓಟ್ಸ್ ವಿಷಯದಲ್ಲಿ ಆ ಅಂಕಿ ಸಿಗುತ್ತದೆ. ಅದರಲ್ಲಿರುವ ಬೀಟಾ-ಗ್ಲುಕಾನ್ ಎಂಬ ನಾರು ದಿನಕ್ಕೆ 3 ಗ್ರಾಂ ಹೊಟ್ಟೆ ಸೇರಬೇಕು. ಗಂಜಿ ಬೆಂದಾಗ ಲೋಳೆಲೋಳೆಯಾಗುವುದು ಇದರಿಂದಲೇ. ತಿನ್ನುವವರು ಮುಖ ಸಿಂಡರಿಸುವ ಆ ಲೋಳೆಯೇ ನಿಜವಾದ ಕೆಲಸಗಾರ. ಕೊಬ್ಬು ಜೀರ್ಣವಾಗಲೆಂದು ಯಕೃತ್ತು ತಯಾರಿಸುವ ಪಿತ್ತಾಮ್ಲಗಳನ್ನು ಅದು ಕರುಳಿನಲ್ಲಿ ಹಿಡಿದಿಟ್ಟುಕೊಂಡು ಮಲದೊಂದಿಗೆ ಹೊರಗೆ ಸಾಗಿಸುತ್ತದೆ. ಹೋದ ಪಿತ್ತಾಮ್ಲವನ್ನು ಮತ್ತೆ ತಯಾರಿಸಲು ಯಕೃತ್ತಿಗೆ ಕೊಲೆಸ್ಟರಾಲ್ ಬೇಕು. ಅದನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. 3 ಗ್ರಾಂ ಎಂದರೆ ಸುಮಾರು 70 ಗ್ರಾಂ ಒಣ ಓಟ್ಸ್, ಅಂದರೆ ದೊಡ್ಡ ಬಟ್ಟಲು ತುಂಬ ಗಂಜಿ. ಬಿಸ್ಕತ್ತಿನ ಮೇಲೆ ಉದುರಿಸಿದ ನಾಲ್ಕು ಚೂರಿನಿಂದ ಇದು ಆಗುವ ಮಾತಲ್ಲ. ಅಷ್ಟು ತಿಂದರೂ ಎಲ್‌ಡಿಎಲ್ ಇಳಿಯುವುದು ಶೇಕಡಾ ಐದರ ಆಸುಪಾಸು.

1995ರಲ್ಲಿ ಫಿನ್ಲೆಂಡ್‌ನಲ್ಲಿ ಸಸ್ಯ ಸ್ಟಾನಾಲ್ (ಕೊಲೆಸ್ಟರಾಲನ್ನು ಹೋಲುವ ಸಸ್ಯಜನ್ಯ ವಸ್ತು) ಬೆರೆಸಿದ ಮಾರ್ಗರಿನ್, ಅಂದರೆ ಬೆಣ್ಣೆಯ ಬದಲಿಗೆ ಬಳಸುವ ಜಿಡ್ಡು, ಮಾರುಕಟ್ಟೆಗೆ ಬಂತು. ಇಂಥ ಪದಾರ್ಥಗಳು ಕರುಳಿನಲ್ಲಿ ಕೊಲೆಸ್ಟರಾಲ್ ಹೀರಿಕೆಗೆ ಅಡ್ಡ ನಿಲ್ಲುತ್ತವೆ. ದಿನಕ್ಕೆ 2 ಗ್ರಾಂ ಸ್ಟಾನಾಲ್ ಸೇವಿಸಿದರೆ ಎಲ್‌ಡಿಎಲ್ ಇಳಿಕೆ ಶೇಕಡಾ ಹತ್ತರ ಹತ್ತಿರ. ಇದಕ್ಕೂ ಲೆಕ್ಕವಿದೆ, ಆದ್ದರಿಂದ ನನ್ನ ಗೌರವವೂ ಇದೆ.

ಉಳಿದ ಬಹುಪಾಲು ಘೋಷಣೆಗಳ ಕಥೆ ಬೇರೆ. ಯುರೋಪಿನ ಒಕ್ಕೂಟಕ್ಕೆ ತಯಾರಕರು ಮತ್ತಿತರರು ಸಲ್ಲಿಸಿದ ಆರೋಗ್ಯ ಹೇಳಿಕೆಗಳು ಸುಮಾರು 44,000. ಒಂದೇ ಮಾತು ಮತ್ತೆ ಮತ್ತೆ ಬಂದದ್ದನ್ನು ಕೂಡಿಸಿ, ಜರಡಿ ಹಿಡಿದು 2012ರಲ್ಲಿ ಒಪ್ಪಿತ ಹೇಳಿಕೆಗಳ ಪಟ್ಟಿ ಪ್ರಕಟಿಸಿದಾಗ ಅದರಲ್ಲಿದ್ದದ್ದು 222.

ಒಳ್ಳೆಯದೆಂದು ಬೇರ್ಪಡಿಸಿ ನುಂಗಿದ್ದೆಲ್ಲ ಒಳ್ಳೆಯದನ್ನೇ ಮಾಡುತ್ತದೆ ಎನ್ನುವವರಿಗೆ ನಾನು ಹೇಳುವುದು ಕ್ಯಾರೆಟ್‌ನಂಥ ತರಕಾರಿಗಳಲ್ಲಿರುವ ಬಣ್ಣದ ವಸ್ತು ಬೀಟಾ-ಕ್ಯಾರೊಟಿನ್‌ನ ಪ್ರಸಂಗವನ್ನು. ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡಿದ್ದರಿಂದ, ಫಿನ್ಲೆಂಡ್‌ನ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ಅಧ್ಯಯನ ನಡೆಸಿ ಕೆಲವರಿಗೆ ದಿನವೂ 20 ಮಿಲಿಗ್ರಾಂ ಬೀಟಾ-ಕ್ಯಾರೊಟಿನ್ ಮಾತ್ರೆ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು: ಮಾತ್ರೆ ತಿಂದವರಲ್ಲಿ ಆ ಕ್ಯಾನ್ಸರ್ ಶೇಕಡಾ 18ರಷ್ಟು ಹೆಚ್ಚು!

ನನ್ನ ವೈದ್ಯರು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದಾರೆ. ಗಂಜಿ ತಿನ್ನುತ್ತೇನಲ್ಲ, ಮಾತ್ರೆ ಬಿಡಬಹುದೇ ಎಂದು ಕೇಳಿದೆ. ಅವರು ವರದಿಯಲ್ಲಿದ್ದ ಅಂಕಿಯ ಮೇಲೆ ಪೆನ್ನು ಇಟ್ಟು, “ಇದರಲ್ಲಿ ಶೇಕಡಾ ಐದು ಕಳೆಯಿರಿ ನೋಡೋಣ” ಎಂದರು. ಕಳೆದೆ. ಗಂಜಿಯೂ ನಡೆದಿದೆ, ಮಾತ್ರೆಯೂ ನಡೆದಿದೆ.