ಗ್ಲಾಸ್ಗೋದ ಆ ಕೋರ್ಟ್ ಹಾಲ್

ನಿನ್ನೆ ರಾತ್ರಿಯಿಂದ ಸ್ಕಾಟ್ಲೆಂಡ್‌ನ ಗ್ಲಾಸ್ಗೋ ನಗರದ ಒಂದು ಕೋರ್ಟ್ ಹಾಲ್ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ. 2008ರಲ್ಲಿ ಬೀದಿ ಗುಂಪುಗಳ ಹುಡುಗರನ್ನು ಅಲ್ಲಿಗೆ ಕರೆಸಿದರು, ಶಿಕ್ಷೆ ವಿಧಿಸುವುದಕ್ಕಲ್ಲ. ಪೊಲೀಸರು ಖಡಾಖಂಡಿತ ಎಚ್ಚರಿಕೆ ಕೊಟ್ಟರು. ವೈದ್ಯರೊಬ್ಬರು ಚಾಕುವಿನ ಗಾಯಗಳ ಬಗ್ಗೆ ಹೇಳಿದರು. ಆಮೇಲೆ ಒಬ್ಬ ತಾಯಿ ಎದ್ದು ನಿಂತು ತನ್ನ ಮಗನಿಗೆ ಆದದ್ದನ್ನು ಹೇಳಿಕೊಂಡರು. ಹೊರಡುವಾಗ ಹುಡುಗರ ಕೈಗೆ ಒಂದು ಫೋನ್ ನಂಬರ್ ಕೊಟ್ಟರು. ಹೊಡೆದಾಟ ಬಿಡುವ ಮನಸ್ಸಾದರೆ ಕರೆ ಮಾಡಬಹುದು. ತರಬೇತಿ, ಕೆಲಸ, ಚಟ ಬಿಡಿಸುವುದು ಎಲ್ಲಕ್ಕೂ ಜನರಿದ್ದರು.

ಇದರ ಬೇರು 2005ರಲ್ಲಿ ಗ್ಲಾಸ್ಗೋ ಸೇರಿದ ಪ್ರದೇಶದ ಸ್ಟ್ರಾತ್‌ಕ್ಲೈಡ್ ಪೊಲೀಸರು ಕಟ್ಟಿದ ಹಿಂಸೆ ತಡೆ ಘಟಕದಲ್ಲಿದೆ. ಹಿಂಸೆಯೂ ಕಾಯಿಲೆಯಂತೆ ಹರಡುತ್ತದೆ, ಹರಡುವ ಮೊದಲೇ ತಡೆಯಬೇಕು ಎಂಬ ಮಾತು ಪೊಲೀಸರ ಬಾಯಿಂದಲೇ ಬಂತಲ್ಲ, ನನಗೆ ಅದೇ ದೊಡ್ಡದು. ಮರುವರ್ಷ ಆ ಘಟಕ ಇಡೀ ಸ್ಕಾಟ್ಲೆಂಡ್‌ಗೆ ವಿಸ್ತರಿಸಿತು. ಮುಂದೆ ದಂತವೈದ್ಯರಿಗೆ, ಕೂದಲು ಕತ್ತರಿಸುವವರಿಗೂ ಮನೆಯೊಳಗಿನ ಹಿಂಸೆಯ ಗುರುತು ಹಿಡಿಯಲು ಕಲಿಸಿದರು. ಜೈಲೂ ಬೇಕು, ಒಪ್ಪುತ್ತೇನೆ. ಆದರೆ ಜೈಲಿಗೆ ಮೊದಲು ಒಂದು ಬಾಗಿಲು ತೆರೆದಿರಬೇಕು.

ಆ ತಾಯಿ ಮಾತಾಡುವಾಗ ಕೆಲವು ಹುಡುಗರು ಅತ್ತರಂತೆ.