ಟೇಬಲ್ ಇತ್ತು, ಸಾಲುಗಳಿರಲಿಲ್ಲ

ಪೋಸ್ಟ್‌ಗ್ರೆಸ್ ಡೇಟಾಬೇಸ್ ಒಂದನ್ನು ಬ್ಯಾಕಪ್‌ನಿಂದ ಹೊಸ ಸರ್ವರ್‌ನಲ್ಲಿ ಮರುಸ್ಥಾಪಿಸಿದ ರಾತ್ರಿ ನಾನು ಪರೀಕ್ಷಿಸದೆ ಏನೂ ಎದ್ದು ಹೋಗಲಿಲ್ಲ. ಟೇಬಲ್‌ಗಳನ್ನು ಎಣಿಸಿದೆ, ಒಂದೂ ಕಡಿಮೆ ಇರಲಿಲ್ಲ. ಲಾಗಿನ್ ಆಗಿ ನಾಲ್ಕಾರು ಪುಟ ತೆರೆದು ನೋಡಿದೆ. ಡೇಟಾಬೇಸ್‌ನ ಗಾತ್ರ ಹಳೆಯದಕ್ಕಿಂತ ಕಡಿಮೆಯಿತ್ತು. ಅಳಿಸಿದ ಸಾಲುಗಳು ಬಿಟ್ಟುಹೋದ ಖಾಲಿ ಜಾಗ ಹೊಸದಕ್ಕೆ ಬರುವುದಿಲ್ಲವಲ್ಲ, ಸಹಜವೇ ಎಂದುಕೊಂಡೆ. ಮರುದಿನ ಬೆಳಿಗ್ಗೆ ಲೆಕ್ಕಪತ್ರ ವಿಭಾಗದಿಂದ ಫೋನ್ ಬಂತು: "ಹೊಂದಾಣಿಕೆ ನಮೂದುಗಳ ಪುಟ ಖಾಲಿ ಬರುತ್ತಿದೆ, ಒಮ್ಮೆ ನೋಡುತ್ತೀರಾ?"

ಟೇಬಲ್ ಇತ್ತು, ಕಾಲಂಗಳೆಲ್ಲ ಇದ್ದವು. ಸಾಲುಗಳು ಸೊನ್ನೆ.

ಮರುಸ್ಥಾಪನೆಯ ಲಾಗ್‌ನ, ಅಂದರೆ ನಡೆದದ್ದರ ದಾಖಲೆಯ, ಕೊನೆಯಲ್ಲೇ ಬರೆದಿತ್ತು, ಒಂದು ದೋಷವನ್ನು ಕಡೆಗಣಿಸಲಾಗಿದೆ ಎಂದು. ನಾನು ಅಲ್ಲಿಯವರೆಗೆ ಓದಿರಲಿಲ್ಲ. ಬ್ಯಾಕಪ್‌ನಿಂದ ಮರುಸ್ಥಾಪಿಸುವ ಪಿಜಿ ರಿಸ್ಟೋರ್ ಎಂಬ ಪ್ರೋಗ್ರಾಂ ದೋಷ ಕಂಡರೆ ತಾನಾಗಿ ನಿಲ್ಲುವುದಿಲ್ಲ. ಮುಂದಕ್ಕೆ ಹೋಗಿ, ಕೊನೆಗೆ ಎಷ್ಟು ದೋಷಗಳೆಂದು ಹೇಳುತ್ತದೆ. ಆ ಟೇಬಲ್‌ನ ಚೆಕ್ ನಿರ್ಬಂಧದೊಳಗೆ, ಅಂದರೆ ಸೇರುವ ಪ್ರತಿ ಸಾಲನ್ನೂ ಪರೀಕ್ಷಿಸುವ ನಿಯಮದೊಳಗೆ, ಒಂದು ಫಂಕ್ಷನ್ ಇತ್ತು. ಅದು ನಮೂದಿಗೆ ಸಂಬಂಧಿಸಿದ ಬಿಲ್ ಬಿಲ್‌ಗಳ ಟೇಬಲ್‌ನಲ್ಲಿ ಇದೆಯೇ ಎಂದು ಹುಡುಕುತ್ತಿತ್ತು. ಒಂದು ಟೇಬಲ್ಲನ್ನು ಇನ್ನೊಂದಕ್ಕೆ ಜೋಡಿಸುವ ಫಾರಿನ್ ಕೀಗಳು ದತ್ತಾಂಶ ತುಂಬಿದ ಮೇಲೆ ಸೇರುತ್ತವೆ, ಚೆಕ್ ನಿರ್ಬಂಧ ಮಾತ್ರ ಟೇಬಲ್‌ನ ಜೊತೆಗೇ ಬಂದುಬಿಡುತ್ತದೆ. ಬಿಲ್‌ಗಳು ಇನ್ನೂ ಬಂದಿರಲಿಲ್ಲ, ಮೊದಲ ಸಾಲೇ ತಿರಸ್ಕೃತವಾಯಿತು. ಒಂದು ಸಾಲು ಬಿದ್ದರೆ ಆ ಟೇಬಲ್‌ಗೆ ದತ್ತಾಂಶ ತುಂಬುವ ಇಡೀ ಕಾಪಿ ಆದೇಶವೇ ರದ್ದು.

ಬಿಲ್‌ಗಳು ಈಗ ತುಂಬಿದ್ದರಿಂದ, ಆ ಒಂದು ಟೇಬಲ್‌ನ ದತ್ತಾಂಶವನ್ನಷ್ಟೇ ಬ್ಯಾಕಪ್‌ನಿಂದ ಮತ್ತೆ ತುಂಬಿದೆ, ಎಲ್ಲವೂ ಬಂತು. ಬ್ಯಾಕಪ್ ಫೈಲ್‌ನಲ್ಲಿ ಕೊರತೆಯೇ ಇರಲಿಲ್ಲ.

ಈಗ ಮೊದಲ ದೋಷಕ್ಕೇ ನಿಲ್ಲುವ ಆಯ್ಕೆ ಹಾಕಿಯೇ ಮರುಸ್ಥಾಪಿಸುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಬ್ಯಾಕಪ್ ತೆಗೆಯುವಾಗಲೇ ಪ್ರತಿ ಟೇಬಲ್‌ನ ಸಾಲುಗಳನ್ನು ಎಣಿಸಿ ಬರೆದಿಡುತ್ತೇನೆ, ಬ್ಯಾಕಪ್ ಓದುವ ಅದೇ ಸ್ನ್ಯಾಪ್‌ಶಾಟ್‌ನಲ್ಲಿ, ಅಂದರೆ ದತ್ತಾಂಶದ ಅದೇ ಕ್ಷಣದ ಸ್ಥಿತಿಯಲ್ಲಿ. ಇಲ್ಲದಿದ್ದರೆ ನಡುವೆ ಸೇರಿದ ನಮೂದುಗಳಿಂದಾಗಿ ಲೆಕ್ಕ ತಾಳೆಯಾಗುವುದಿಲ್ಲ. ಡೇಟಾಬೇಸ್‌ನ ಅಂಕಿಅಂಶ ಕೋಷ್ಟಕಗಳು ತೋರಿಸುವ ಸಾಲುಗಳ ಸಂಖ್ಯೆ ಬರೀ ಅಂದಾಜು, ಅದನ್ನು ನಂಬುವುದಿಲ್ಲ. ತಡವಾದರೂ ನಿಜವಾಗಿಯೇ ಎಣಿಸುತ್ತೇನೆ. ಹಣದ ಕಾಲಂಗಳ ಮೊತ್ತ, ಕೊನೆಯ ಬದಲಾವಣೆಯ ದಿನಾಂಕ ಇವೂ ಪಟ್ಟಿಯಲ್ಲಿರುತ್ತವೆ. ಎಣಿಕೆಯೊಂದೇ ಸಾಲದು: ತಪ್ಪಿ ಕಳೆದ ವಾರದ ಫೈಲ್ ಹಾಕಿದರೂ ಕೆಲವು ಟೇಬಲ್‌ಗಳ ಎಣಿಕೆ ಒಂದೇ ಬರುತ್ತದೆ, ಏಕೆಂದರೆ ಅಲ್ಲಿ ಸಾಲುಗಳು ಹೆಚ್ಚುವುದಿಲ್ಲ, ತಿದ್ದಲ್ಪಡುತ್ತವೆ.

ಮರುಸ್ಥಾಪನೆ ಮುಗಿದ ಮೇಲೆ ಹಳೆಯ ಪಟ್ಟಿಯನ್ನೂ ಹೊಸ ಎಣಿಕೆಯನ್ನೂ ಅಕ್ಕಪಕ್ಕ ಇಟ್ಟು ಸಾಲು ಸಾಲಾಗಿ ನೋಡುತ್ತೇನೆ. ಆಮೇಲೆ ಲೆಕ್ಕಪತ್ರದವರಿಗೆ ನಾನೇ ಫೋನ್ ಮಾಡಿ, ಹೊಂದಾಣಿಕೆ ಪುಟವನ್ನು ತೆರೆದು ನೋಡಿ ಎನ್ನುತ್ತೇನೆ.